ಕಿಶೋರ ಟ್ರಯಥ್ಲೀಟ್‌ಗೆ ವರ್ಷದ ಯೋಜನೆ: ತರಬೇತಿ, ಸ್ಪರ್ಧೆ, ವಿಶ್ರಾಂತಿಗಳನ್ನು ಹೊಂದಿಸುವ ಬಗೆ

ಈಜು, ಸೈಕ್ಲಿಂಗ್, ಓಟ ಈ ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸಬೇಕಾದ ಟ್ರಯಥ್ಲಾನ್ ಕ್ರೀಡೆಯಲ್ಲಿ ಹದಿನಾರು, ಹದಿನೇಳರ ಹರೆಯದವರು ಗಂಭೀರವಾಗಿ ತೊಡಗಲು ಹೊರಟಾಗ, ಮನೆಯವರೂ ತರಬೇತುದಾರರೂ ಮೊದಲು ಹಾಕುವ ಲೆಕ್ಕ ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡಿಸಬೇಕು ಎಂಬುದು. ಅದಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೊಂದಿದೆ: ವರ್ಷದ 52 ವಾರಗಳಲ್ಲಿ ಎಷ್ಟು ವಾರ ಗಾಯವಿಲ್ಲದೆ, ಕಾಯಿಲೆಯಿಲ್ಲದೆ ಅಭ್ಯಾಸ ಮುಂದುವರಿಯಬಲ್ಲದು? ಒಂದು ತಿಂಗಳು ಅತಿಯಾಗಿ ದುಡಿದು ಮುಂದಿನ ಆರು ವಾರ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂರುವವರಿಗಿಂತ, ಸಾಧಾರಣ ವಾರಗಳನ್ನು ತಪ್ಪದೆ ಪೂರೈಸುವವರೇ ವರ್ಷದ ಕೊನೆಗೆ ಮುಂದಿರುತ್ತಾರೆ. ಆದ್ದರಿಂದ ಈ ವಯಸ್ಸಿನ ಯೋಜನೆಯಲ್ಲಿ ಮೊದಲ ಸ್ಥಾನ ಕೌಶಲಕ್ಕೆ ಮತ್ತು ನಿರಂತರತೆಗೆ ಸಲ್ಲಬೇಕು. ಗಂಟೆಗಳು ತಾವಾಗಿಯೇ ವರ್ಷದಿಂದ ವರ್ಷಕ್ಕೆ ಸೇರಿಕೊಳ್ಳುತ್ತವೆ.

ದೂರವನ್ನು ವಯಸ್ಸು ನಿರ್ಧರಿಸಲಿ

ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಟ್ರಯಥ್ಲಾನ್‌ನ ನಿಯಮದಂತೆ ಜೂನಿಯರ್ ವಿಭಾಗ 16ರಿಂದ 19 ವರ್ಷದವರದ್ದು, ಮತ್ತು ವಯಸ್ಸನ್ನು ಸ್ಪರ್ಧೆಯ ದಿನಕ್ಕಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕಲಾಗುತ್ತದೆ. ಅಂದರೆ ಜನವರಿಯಲ್ಲಿ ಹುಟ್ಟಿದವರೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹದಿನಾರರಲ್ಲಿ ಹನ್ನೊಂದು ತಿಂಗಳ ಅಂತರ ಸಣ್ಣದಲ್ಲ ಎಂಬುದನ್ನು ಫಲಿತಾಂಶದ ಪಟ್ಟಿ ಓದುವಾಗ ನೆನಪಿಡಬೇಕು. ಜೂನಿಯರ್‌ಗಳ ದೂರ ಸ್ಪ್ರಿಂಟ್ ಟ್ರಯಥ್ಲಾನ್‌ನದ್ದು: 750 ಮೀಟರ್ ಈಜು, 20 ಕಿಲೋಮೀಟರ್ ಸೈಕ್ಲಿಂಗ್, 5 ಕಿಲೋಮೀಟರ್ ಓಟ. ಸಿಡ್ನಿಯಲ್ಲಿ 2000ದಲ್ಲಿ ಟ್ರಯಥ್ಲಾನ್ ಒಲಿಂಪಿಕ್ಸ್‌ಗೆ ಬಂದಾಗಿನಿಂದ ಅಲ್ಲಿ ವೈಯಕ್ತಿಕ ಸ್ಪರ್ಧೆಗೆ ಬಳಕೆಯಲ್ಲಿರುವ 1500 ಮೀಟರ್, 40 ಮತ್ತು 10 ಕಿಲೋಮೀಟರ್‌ಗಳ ದೂರ ಇದರ ಇಮ್ಮಡಿ, ಮತ್ತು ಅದು 18 ತುಂಬುವವರೆಗೆ ಕಾಯಬಲ್ಲದು.

ಇನ್ನೂ ಉದ್ದದ ದೂರಗಳು, ಅಂದರೆ 90 ಅಥವಾ 180 ಕಿಲೋಮೀಟರ್ ಸೈಕಲ್ ತುಳಿಯಬೇಕಾದ ಸ್ಪರ್ಧೆಗಳು, ಹರೆಯದವರ ಕಣ್ಣಿಗೆ ಬಹಳ ಆಕರ್ಷಕವಾಗಿ ಕಾಣುತ್ತವೆ. ಆದರೆ ವೇಗವನ್ನು ಕಲಿಯುವ ವಯಸ್ಸು ಚಿಕ್ಕದು, ಸಹನೆಯನ್ನು ಬೆಳೆಸಿಕೊಳ್ಳುವ ವಯಸ್ಸು ಉದ್ದದ್ದು. ಅಲಿಸ್ಟರ್ ಬ್ರೌನ್ಲಿ 2006ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, 2008ರಲ್ಲಿ 23 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಗಿ, ಆಮೇಲೆ 2012 ಮತ್ತು 2016ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಉದ್ದದ ದೂರಗಳ ಕಡೆ ಅವರು ಗಮನ ಹರಿಸಿದ್ದು ಅದಾದ ಮೇಲೆಯೇ. ಹದಿನಾರಕ್ಕಿಂತ ಕಿರಿಯರಾದರೆ ಸ್ಪ್ರಿಂಟ್‌ಗಿಂತಲೂ ಕಡಿಮೆ ದೂರದ ಸ್ಪರ್ಧೆಗಳು, ಈಜು ಮತ್ತು ಓಟ ಮಾತ್ರ ಇರುವ ಅಕ್ವಥ್ಲಾನ್, ಶಾಲಾ ಮಟ್ಟದ ಈಜು ಕೂಟ, ಕ್ರಾಸ್ ಕಂಟ್ರಿ ಇವೇ ಸಾಕಷ್ಟಾಗುತ್ತವೆ.

ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕೆ ತುಂಬಿಸುವುದು

ಯೋಜನೆಯ ಹಾಳೆಯ ಮೇಲೆ ಮೊದಲು ಬರೆಯಬೇಕಾದದ್ದು ಸ್ಪರ್ಧೆಯ ದಿನಾಂಕಗಳನ್ನಲ್ಲ, ಪರೀಕ್ಷೆಯ ದಿನಾಂಕಗಳನ್ನು. ಪರೀಕ್ಷೆ ಮತ್ತು ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ ಅಭ್ಯಾಸ ಅರ್ಧಕ್ಕೆ ಇಳಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡರೆ ಆ ವಾರಗಳು ನಷ್ಟವಾಗಿ ಕಾಣುವುದಿಲ್ಲ. ಒಪ್ಪಿಕೊಳ್ಳದಿದ್ದರೆ ಓದೂ ಅರೆಬರೆಯಾಗಿ, ಅಭ್ಯಾಸವೂ ಅರೆಬರೆಯಾಗಿ, ನಿದ್ದೆ ಮಾತ್ರ ಪೂರ್ತಿಯಾಗಿ ಕೆಡುತ್ತದೆ. ಅದಾದ ಮೇಲೆ ವರ್ಷದ ಅತಿ ಮುಖ್ಯ ಸ್ಪರ್ಧೆಗಳನ್ನು ಗುರುತಿಸಬೇಕು. ಅವು ಎರಡಕ್ಕಿಂತ ಹೆಚ್ಚಿರಬಾರದು ಎಂಬುದು ನನ್ನ ಅಭಿಪ್ರಾಯ, ಮತ್ತು ಅವುಗಳ ನಡುವೆ ಕನಿಷ್ಠ ಎಂಟು ವಾರಗಳ ಅಂತರವಿರಬೇಕು. ಉಳಿದ ನಾಲ್ಕೈದು ಟ್ರಯಥ್ಲಾನ್‌ಗಳನ್ನು ಅಭ್ಯಾಸದ ಭಾಗವೆಂದೇ ನಮೂದಿಸಿ, ಪ್ರತಿಯೊಂದಕ್ಕೂ ಒಂದು ಸೀಮಿತ ಗುರಿಯನ್ನು ಕೊಡಬೇಕು: ಒಂದರಲ್ಲಿ ಈಜಿನ ಆರಂಭ, ಇನ್ನೊಂದರಲ್ಲಿ ಗುಂಪಿನಲ್ಲಿ ಸೈಕಲ್ ತುಳಿಯುವುದು, ಮತ್ತೊಂದರಲ್ಲಿ ಓಟದ ಮೊದಲ ಕಿಲೋಮೀಟರನ್ನು ಸಂಯಮದಿಂದ ಓಡುವುದು.

ಮುಖ್ಯ ಸ್ಪರ್ಧೆಯಿಂದ ಹಿಂದಕ್ಕೆ ಎಣಿಸಿದರೆ ವರ್ಷದ ಆಕಾರ ತಾನಾಗಿ ಸಿಗುತ್ತದೆ. ಕೊನೆಯ ಏಳರಿಂದ ಹತ್ತು ದಿನ ಟೇಪರ್, ಅಂದರೆ ಅಭ್ಯಾಸದ ಪ್ರಮಾಣವನ್ನು ಇಳಿಸುವ ಅವಧಿ. ಅದಕ್ಕೆ ಮುಂಚಿನ ಎಂಟರಿಂದ ಹತ್ತು ವಾರ ಸ್ಪರ್ಧೆಯ ವೇಗವನ್ನು ಅಭ್ಯಾಸಕ್ಕೆ ತರುವ ಹಂತ. ಅದಕ್ಕೂ ಮುಂಚಿನ ಹದಿನಾರರಿಂದ ಇಪ್ಪತ್ತು ವಾರ ತಳಹದಿಯ ಹಂತ; ಈ ಅವಧಿಯಲ್ಲಿ ಹೆಚ್ಚಿನ ಅಭ್ಯಾಸ ಮಾತಾಡುತ್ತ ಮಾಡಬಹುದಾದಷ್ಟು ಹಗುರವಾಗಿರಬೇಕು, ಮತ್ತು ತಂತ್ರದ ದೋಷಗಳನ್ನು ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ವರ್ಷದಲ್ಲಿ ಮತ್ತೆ ಬರುವುದಿಲ್ಲ. ಎರಡು ಮುಖ್ಯ ಸ್ಪರ್ಧೆಗಳ ನಡುವೆ ಒಂದು ವಾರದ ಬಿಡುವನ್ನು ಈಗಲೇ ಶಾಯಿಯಲ್ಲಿ ಬರೆದಿಡಬೇಕು, ಏಕೆಂದರೆ ಪೆನ್ಸಿಲ್‌ನಲ್ಲಿ ಬರೆದ ಬಿಡುವನ್ನು ಮೊದಲ ಗೆಲುವೇ ಅಳಿಸಿಬಿಡುತ್ತದೆ.

ವಾರದೊಳಗಿನ ಹಂಚಿಕೆಗೆ ಒಂದು ಮಾದರಿ ಕೊಡುವುದಾದರೆ, ಮೂರು ವರ್ಷ ಈಜಿನ ಅನುಭವವಿರುವ ಹದಿನಾರರ ಕ್ರೀಡಾಪಟುವಿಗೆ ತಳಹದಿಯ ಹಂತದಲ್ಲಿ ಒಂದೊಂದು ಗಂಟೆಯ ನಾಲ್ಕು ಈಜು, ಒಂದು ಉದ್ದದ್ದೂ ಎರಡು ಚಿಕ್ಕವೂ ಸೇರಿ ನಾಲ್ಕು ಗಂಟೆಯ ಸೈಕ್ಲಿಂಗ್, ಮೂರು ಓಟಗಳಲ್ಲಿ ಒಟ್ಟು ಎರಡು ಗಂಟೆಗೆ ಮೀರದ ಓಟ, ಮತ್ತು ಇಪ್ಪತ್ತೈದು ನಿಮಿಷದ ಎರಡು ಬಲವರ್ಧನೆಯ ಅವಧಿಗಳು ಸಾಕು. ಇದು ಹನ್ನೊಂದು ಗಂಟೆಯ ಒಳಗೇ ಮುಗಿಯುತ್ತದೆ. ವಾರದ ಸಂಘಟಿತ ಅಭ್ಯಾಸದ ಗಂಟೆಗಳು ವಯಸ್ಸಿನ ಸಂಖ್ಯೆಯನ್ನು ಮೀರಬಾರದು ಎಂಬ ಮಿತಿಯನ್ನು ಕ್ರೀಡಾ ವೈದ್ಯರು ಹೇಳುವುದುಂಟು. ಹದಿನಾರರವರಿಗೆ ಅದು ಹದಿನಾರು ಗಂಟೆ. ಅದನ್ನು ಮುಟ್ಟಬೇಕಾದ ಗುರಿಯೆಂದು ಯಾರೂ ಭಾವಿಸಬಾರದು. ವಾರದಲ್ಲಿ ಒಂದು ದಿನ ಏನೂ ಇರಬಾರದು, ಹಗುರ ಈಜು ಕೂಡ.

ಹೊರೆಯನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಪ್ರತಿ ಅಭ್ಯಾಸದ ಅರ್ಧ ಗಂಟೆಯ ನಂತರ ಅದು ಎಷ್ಟು ಕಷ್ಟವಾಯಿತೆಂದು ಹತ್ತರಲ್ಲಿ ಅಂಕ ಕೊಟ್ಟುಕೊಂಡು, ಅದನ್ನು ನಿಮಿಷಗಳಿಂದ ಗುಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅರವತ್ತು ನಿಮಿಷದ ಹಗುರ ಈಜಿಗೆ ಅಂಕ ಮೂರಾದರೆ ಹೊರೆ 180, ನಲವತ್ತು ನಿಮಿಷದ ಕಠಿಣ ಓಟಕ್ಕೆ ಅಂಕ ಎಂಟಾದರೆ ಹೊರೆ 320. ವಾರದ ಮೊತ್ತಗಳನ್ನು ಸಾಲಾಗಿ ಬರೆದು ನೋಡಿದಾಗ ಮೂರು ವಾರ ನಿಧಾನವಾಗಿ ಏರಿ ನಾಲ್ಕನೆಯ ವಾರ ಸ್ಪಷ್ಟವಾಗಿ ಇಳಿದಿರಬೇಕು. ಈ ಲೆಕ್ಕದಲ್ಲಿ ಮೊತ್ತಕ್ಕಿಂತ ಹೆಚ್ಚು ಹೇಳುವುದು ಅಂಕದ ಬದಲಾವಣೆ: ಕಳೆದ ತಿಂಗಳು ನಾಲ್ಕು ಅನಿಸಿದ ಅದೇ ಓಟ ಈ ತಿಂಗಳು ಏಳು ಅನಿಸಿದರೆ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ, ಮತ್ತು ಆ ದಿನದ ಉಳಿದ ಅಭ್ಯಾಸವನ್ನು ಕೈಬಿಡುವುದೇ ಸರಿ.

ಈಜು: ಕಲಿಕೆ ಇಲ್ಲಿ ಹೆಚ್ಚು ಫಲ ಕೊಡುತ್ತದೆ

ಮೂರರಲ್ಲಿ ಎಳೆಯ ವಯಸ್ಸಿನಲ್ಲೇ ಕೂಡಿಸಿಕೊಳ್ಳಬೇಕಾದ ಕೌಶಲ ಈಜು. ಇಪ್ಪತ್ತೈದರಲ್ಲಿ ಓಟವನ್ನು ಸುಧಾರಿಸಿಕೊಂಡವರು ಬಹಳ ಮಂದಿ ಇದ್ದಾರೆ. ಇಪ್ಪತ್ತೈದರಲ್ಲಿ ನೀರಿನ ಹಿಡಿತವನ್ನು ಹೊಸದಾಗಿ ಕಲಿತು ಮುಂಚೂಣಿಯ ಗುಂಪಿನಲ್ಲಿ ಈಜಿದವರು ಅಪರೂಪ. ಜೂನಿಯರ್ ಸ್ಪರ್ಧೆಗಳಲ್ಲಿ ಸೈಕಲ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಗಾಳಿ ತಪ್ಪಿಸಿಕೊಂಡು ಸಾಗುವುದಕ್ಕೆ, ಅಂದರೆ ಡ್ರಾಫ್ಟಿಂಗ್‌ಗೆ, ಅವಕಾಶವಿರುವುದರಿಂದ ಈಜಿನ ಬೆಲೆ ಇನ್ನೂ ಏರುತ್ತದೆ. ನೀರಿನಿಂದ ಹತ್ತು ಸೆಕೆಂಡು ತಡವಾಗಿ ಎದ್ದವರು ಮುಂದಿನ ಗುಂಪನ್ನು ತಪ್ಪಿಸಿಕೊಂಡರೆ, ಇಪ್ಪತ್ತು ಕಿಲೋಮೀಟರ್‌ಗಳ ಕೊನೆಗೆ ಆ ಹತ್ತು ಸೆಕೆಂಡು ಒಂದು ನಿಮಿಷವಾಗಿ ಬೆಳೆದಿರುವುದು ಸಾಮಾನ್ಯ.

ಫ್ರೀಸ್ಟೈಲ್‌ನಲ್ಲಿ ತಿದ್ದಬೇಕಾದ ದೋಷಗಳಿಗೆ ಒಂದು ಕ್ರಮವಿದೆ. ಮೊದಲು ದೇಹ ನೀರಿನ ಮೇಲೆ ಸಮತಲವಾಗಿ ನಿಲ್ಲಬೇಕು. ಉಸಿರಾಡುವಾಗ ತಲೆ ಮೇಲಕ್ಕೆತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಕಾಲುಗಳು ನೀರನ್ನು ಎಳೆಯತೊಡಗುತ್ತವೆ. ಆಮೇಲೆ ಕೈಯ ಹಿಡಿತ: ಮುಂದಕ್ಕೆ ಚಾಚಿದ ಕೈ ನೀರನ್ನು ಕೆಳಕ್ಕೆ ಒತ್ತದೆ, ಮೊಣಕೈ ಮೇಲೇ ಉಳಿದು, ಅಂಗೈ ಮತ್ತು ಮುಂಗೈ ಎರಡೂ ಹಿಂದಕ್ಕೆ ಮುಖಮಾಡಿ ನೀರನ್ನು ತಳ್ಳಬೇಕು. ಈ ಎರಡು ಸರಿಯಾಗುವವರೆಗೆ ವೇಗದ ಸುತ್ತುಗಳಿಂದ ಲಾಭ ಕಡಿಮೆ, ಏಕೆಂದರೆ ದಣಿದ ದೇಹ ದೋಷವನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ.

ವೇಗವನ್ನು ನಿಗದಿ ಮಾಡಲು ಆರು ವಾರಕ್ಕೊಮ್ಮೆ ಒಂದು ಸರಳ ಪರೀಕ್ಷೆ ಮಾಡಬಹುದು. ಚೆನ್ನಾಗಿ ವಾರ್ಮ್‌ಅಪ್ ಮಾಡಿ 400 ಮೀಟರನ್ನು ಪೂರ್ಣ ಶಕ್ತಿಯಿಂದ ಈಜಬೇಕು, ಸಂಪೂರ್ಣ ಚೇತರಿಸಿಕೊಂಡ ಬಳಿಕ 200 ಮೀಟರನ್ನು ಅದೇ ರೀತಿ ಈಜಬೇಕು. ಮೊದಲನೆಯದಕ್ಕೆ 6 ನಿಮಿಷ, ಎರಡನೆಯದಕ್ಕೆ 2 ನಿಮಿಷ 50 ಸೆಕೆಂಡು ಹಿಡಿಯಿತು ಎನ್ನೋಣ. ಎರಡರ ವ್ಯತ್ಯಾಸ 3 ನಿಮಿಷ 10 ಸೆಕೆಂಡು, ಅದರ ಅರ್ಧ 1 ನಿಮಿಷ 35 ಸೆಕೆಂಡು. ನೂರು ಮೀಟರಿಗೆ ಇದೇ ಆ ಈಜುಗಾರರು ಬಹಳ ಹೊತ್ತು ಉಳಿಸಿಕೊಳ್ಳಬಲ್ಲ ವೇಗದ ಅಂದಾಜು. ಹದಿನೈದು ಸೆಕೆಂಡುಗಳ ವಿರಾಮದೊಂದಿಗೆ ನೂರು ಮೀಟರಿನ ಎಂಟರಿಂದ ಹತ್ತು ಸುತ್ತುಗಳನ್ನು ಈ ವೇಗದಲ್ಲಿ ಮುಗಿಸುವುದು ವಾರದ ಒಂದು ಮುಖ್ಯ ಅಭ್ಯಾಸ. ಮೊದಲ ಸುತ್ತು 1:30, ಕೊನೆಯದು 1:42 ಆದರೆ ಅಭ್ಯಾಸ ಕೈತಪ್ಪಿದೆ. ಎಲ್ಲವೂ ಒಂದೇ ಸಮನಾಗಿ ಬರಬೇಕು.

ಕೊಳದಲ್ಲಿ ಚೆನ್ನಾಗಿ ಈಜುವವರು ತೆರೆದ ನೀರಿನಲ್ಲಿ ದಾರಿ ತಪ್ಪುವುದು ತೀರ ಸಾಮಾನ್ಯ, ಏಕೆಂದರೆ ಅಲ್ಲಿ ತಳದ ಕಪ್ಪು ಗೆರೆಯಿಲ್ಲ. ಆರೆಂಟು ಸ್ಟ್ರೋಕ್‌ಗಳಿಗೊಮ್ಮೆ ಕಣ್ಣುಗಳನ್ನಷ್ಟೇ ನೀರಿನ ಮೇಲಕ್ಕೆ ತಂದು ಬೋಯ್ ಅನ್ನು, ಅಂದರೆ ದಾರಿ ತೋರುವ ತೇಲುಗುರುತನ್ನು, ನೋಡಿಕೊಂಡು, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರೆಳೆಯುವುದನ್ನು ಕೊಳದಲ್ಲೇ ರೂಢಿಸಿಕೊಳ್ಳಬಹುದು. ಒಂದೇ ಲೇನ್‌ನಲ್ಲಿ ನಾಲ್ವರು ಅಕ್ಕಪಕ್ಕ ಈಜಿ, ಕೈಕಾಲು ತಾಗಿದರೂ ಲಯ ಕೆಡದಂತೆ ನೋಡಿಕೊಳ್ಳುವುದನ್ನೂ ಅಲ್ಲೇ ಕಲಿಯಬೇಕು. ಕೆರೆ, ನದಿ, ಸಮುದ್ರಗಳಲ್ಲಿ ಒಬ್ಬರೇ ಈಜುವುದು ಯಾವ ಮಟ್ಟದವರಿಗೂ ಸಲ್ಲದು. ದಡದಲ್ಲೋ ದೋಣಿಯಲ್ಲೋ ಹೊಣೆ ಹೊತ್ತವರೊಬ್ಬರು ಇರಲೇಬೇಕು.

ಸೈಕಲ್

ಸೈಕ್ಲಿಂಗ್‌ನಲ್ಲಿ ಹರೆಯದವರು ಮೊದಲು ಹಣ ಸುರಿಯುವುದು ಚಕ್ರಗಳ ಮೇಲೆ, ಕೊನೆಗೆ ಕಲಿಯುವುದು ತಿರುವುಗಳನ್ನು. ಡ್ರಾಫ್ಟಿಂಗ್ ಇರುವ ಜೂನಿಯರ್ ಸ್ಪರ್ಧೆಗೆ ಬೇಕಾಗುವುದು ಬಾಗಿದ ಹ್ಯಾಂಡಲ್‌ನ ಸಾಮಾನ್ಯ ರೋಡ್ ಬೈಕ್. ಗಡಿಯಾರದ ವಿರುದ್ಧ ಒಬ್ಬರೇ ತುಳಿಯಲೆಂದು ರೂಪಿಸಿದ ಟೈಮ್ ಟ್ರಯಲ್ ಸೈಕಲ್‌ಗೆ ಅಲ್ಲಿ ಅನುಮತಿಯೇ ಇಲ್ಲ. ಸೀಟಿನ ಎತ್ತರ ಮತ್ತು ಹ್ಯಾಂಡಲ್‌ನ ದೂರವನ್ನು ತಿಳಿದವರಿಂದ ಹೊಂದಿಸಿಕೊಂಡು, ಬೆಳೆಯುವ ವಯಸ್ಸಾದ್ದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ನೋಡಿಸಬೇಕು.

ಖಾಲಿ ಮೈದಾನವೊಂದರಲ್ಲಿ ವಾರಕ್ಕೆ ಅರ್ಧ ಗಂಟೆ ಕೌಶಲಕ್ಕೆ ಮೀಸಲಿಟ್ಟರೆ ಆರು ತಿಂಗಳಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ. ಒಂದು ಕೈಯಲ್ಲಿ ನೀರಿನ ಬಾಟಲಿ ತೆಗೆದು ಕುಡಿದು ಮರಳಿ ಇಡುವುದು, ಗೆರೆ ತಪ್ಪದೆ ಹಿಂದಿರುಗಿ ನೋಡುವುದು, ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ತಿರುವಿನೊಳಗೆ ಬ್ರೇಕ್ ಬಿಟ್ಟು ಹೊರಗಿನ ಪೆಡಲ್ ಮೇಲೆ ಭಾರ ಹಾಕುವುದು, 180 ಡಿಗ್ರಿ ತಿರುವಿನಿಂದ ಸರಿಯಾದ ಗೇರ್‌ನಲ್ಲಿ ಎದ್ದು ಹೊರಡುವುದು ಇವೆಲ್ಲ ಒಬ್ಬೊಬ್ಬರಾಗಿ ಬಂದ ಮೇಲೆ ಇಬ್ಬರು, ಆಮೇಲೆ ನಾಲ್ವರು ಸೇರಿ, ಮುಂದಿನವರ ಹಿಂಚಕ್ರದಿಂದ ಅರ್ಧ ಮೀಟರ್ ದೂರದಲ್ಲಿ ಸಾಗುತ್ತ ಸರದಿಯಂತೆ ಮುಂದಾಳುತನ ಬದಲಿಸುವುದನ್ನು ಕಲಿಯಬೇಕು. ಚಕ್ರಗಳ ಮೇಲೆ ಚಕ್ರ ಬೀಳುವ ಅಪಘಾತಗಳಲ್ಲಿ ಬಹುಪಾಲು ಆಗುವುದು ಮುಂದಿನ ಚಕ್ರವನ್ನೇ ದಿಟ್ಟಿಸುವವರಿಂದ. ಕಣ್ಣು ಇರಬೇಕಾದದ್ದು ಎರಡು ಸೈಕಲ್ ಆಚೆಗೆ. ಶಕ್ತಿಯ ಅಭ್ಯಾಸಕ್ಕೆ, ಅಂದರೆ ಐದು ನಿಮಿಷದ ನಾಲ್ಕೈದು ಗಟ್ಟಿ ಸುತ್ತುಗಳಿಗೆ, ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಮನೆಯೊಳಗಿನ ಟ್ರೈನರ್ ಉಪಕರಣ ರಸ್ತೆಗಿಂತ ಸುರಕ್ಷಿತ.

ಜೂನಿಯರ್ ಸ್ಪರ್ಧೆಯಲ್ಲಿ ಮುಂಚೂಣಿಯವರು ಒಂದು ಸುತ್ತು ಹಿಂದಿಕ್ಕಿದರೆ ಅಲ್ಲಿಗೇ ಸ್ಪರ್ಧೆಯಿಂದ ಹೊರಬೀಳಬೇಕಾಗುತ್ತದೆ ಎಂಬ ನಿಯಮವನ್ನು ಹೊಸಬರಿಗೆ ಮೊದಲೇ ತಿಳಿಸಿರಬೇಕು. ಹಾಗಾದರೆ ಅದು ಅವಮಾನವಲ್ಲ, ನಿಯಮ ಅಷ್ಟೆ.

ಓಟ ಮತ್ತು ಬೆಳೆಯುವ ಮೂಳೆ

ಮೂರರಲ್ಲಿ ಅತಿ ಹೆಚ್ಚು ಗಾಯ ತರುವುದು ಓಟ, ಮತ್ತು ಈ ವಯಸ್ಸಿನಲ್ಲಿ ಅದಕ್ಕೆ ವಿಶೇಷ ಕಾರಣವೊಂದಿದೆ. ಬೆಳವಣಿಗೆ ಏಕಾಏಕಿ ಜೋರಾಗುವ ತಿಂಗಳುಗಳಲ್ಲಿ, ಸರಾಸರಿ ಹುಡುಗಿಯರಲ್ಲಿ ಹನ್ನೆರಡರ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ, ಮೂಳೆ ಮುಂದಾಗಿ ಬೆಳೆದು ಸ್ನಾಯುರಜ್ಜುಗಳು ಬಿಗಿಯಾಗುತ್ತವೆ. ಆ ರಜ್ಜು ಅಂಟಿಕೊಂಡಿರುವ ಜಾಗದಲ್ಲಿ ಮೂಳೆ ಇನ್ನೂ ಮೃದ್ವಸ್ಥಿಯ ರೂಪದಲ್ಲಿರುವುದರಿಂದ, ಪ್ರತಿ ಹೆಜ್ಜೆಯೂ ಅಲ್ಲಿ ಜಗ್ಗುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ ಒತ್ತಿದರೆ ನೋಯುವ ಉಬ್ಬು ಕಾಣಿಸಿಕೊಂಡರೆ ವೈದ್ಯರು ಅದನ್ನು ಓಸ್‌ಗುಡ್ ಶ್ಲಾಟರ್ ಎನ್ನುತ್ತಾರೆ. ಹಿಮ್ಮಡಿಯ ಹಿಂಭಾಗದಲ್ಲಿ ಬಂದರೆ ಸೀವರ್ಸ್. ಎರಡೂ ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ತಾವಾಗಿ ಹೋಗುತ್ತವೆ, ಆದರೆ ನೋವನ್ನು ತುಳಿದುಕೊಂಡು ಓಡಿದರೆ ತಿಂಗಳುಗಟ್ಟಲೆ ಕಾಡುತ್ತವೆ.

ಇದಕ್ಕೆ ಅತಿ ಅಗ್ಗದ ಉಪಕರಣವೆಂದರೆ ಗೋಡೆ ಮತ್ತು ಪೆನ್ಸಿಲ್. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ ಅದೇ ಹೊತ್ತಿಗೆ, ಬರಿಗಾಲಿನಲ್ಲಿ ಎತ್ತರ ಅಳೆದು ಬರೆದಿಡಬೇಕು. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್‌ನಷ್ಟು ಬೆಳೆದಿದ್ದರೆ ಮುಂದಿನ ಕೆಲವು ವಾರ ಓಟದ ದೂರವನ್ನೂ ಜಿಗಿತಗಳನ್ನೂ ತಗ್ಗಿಸಿ, ಆ ಸಮಯವನ್ನು ಈಜಿಗೆ ಕೊಡಬೇಕು. ಈ ಹೊತ್ತಿನಲ್ಲಿ ಓಟದ ಶೈಲಿ ಕೂಡ ಕೆಡುತ್ತದೆ, ಹಳೆಯ ಲಯ ಸಿಗುವುದಿಲ್ಲ, ಸಮಯಗಳು ಹಿಂದೆ ಬೀಳುತ್ತವೆ. ಇದನ್ನು ಸೋಮಾರಿತನವೆಂದು ಬಗೆಯುವ ಹಿರಿಯರು ಮಕ್ಕಳನ್ನು ಕ್ರೀಡೆಯಿಂದಲೇ ದೂರ ಮಾಡುತ್ತಾರೆ.

ಓಟವನ್ನು ಹೆಚ್ಚಿಸುವ ಕ್ರಮದಲ್ಲಿ ಮೊದಲು ವಾರದ ಸರದಿಗಳು, ಆಮೇಲೆ ನಿಮಿಷಗಳು, ಕೊನೆಗೆ ವೇಗ. ಎರಡು ಉದ್ದನೆಯ ಓಟಗಳಿಗಿಂತ ನಾಲ್ಕು ಚಿಕ್ಕ ಓಟಗಳನ್ನು ಬೆಳೆಯುವ ಕಾಲುಗಳು ಸುಲಭವಾಗಿ ತಾಳಿಕೊಳ್ಳುತ್ತವೆ, ಅದೂ ಮಣ್ಣು ಅಥವಾ ಹುಲ್ಲಿನ ಮೇಲೆ. ಹಗುರ ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನ ಆರು ವೇಗದ ಓಟಗಳನ್ನು, ಉಸಿರು ಪೂರ್ತಿ ಮರಳುವಷ್ಟು ನಡಿಗೆಯ ಬಿಡುವಿನೊಂದಿಗೆ ಸೇರಿಸಿದರೆ ವೇಗದ ನೆನಪು ವರ್ಷವಿಡೀ ಉಳಿಯುತ್ತದೆ. ಸೈಕಲ್‌ನಿಂದ ಇಳಿದ ಕೂಡಲೆ ಓಡುವ ಅಭ್ಯಾಸವನ್ನು ಬ್ರಿಕ್ ಎನ್ನುತ್ತಾರೆ. ವಾರಕ್ಕೊಮ್ಮೆ, ಹತ್ತು ಹದಿನೈದು ನಿಮಿಷ ಸಾಕು. ಮೊದಲ ನಾಲ್ಕು ನಿಮಿಷ ಕಾಲು ತನ್ನದಲ್ಲವೆಂಬಂತೆ ಅನಿಸುವುದು ಸಹಜ, ಅದಕ್ಕೆ ಒಗ್ಗಿಕೊಳ್ಳುವುದೇ ಈ ಅಭ್ಯಾಸದ ಉದ್ದೇಶ. ಕುಂಟುವಂತೆ ಮಾಡುವ ನೋವು, ರಾತ್ರಿ ಎಬ್ಬಿಸುವ ನೋವು, ಅಥವಾ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು ಬಂದರೆ ಓಟವನ್ನು ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಟ್ರಾನ್ಸಿಷನ್: ಎಲ್ಲಕ್ಕಿಂತ ಸುಲಭವಾಗಿ ಸಿಗುವ ಸಮಯ

ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಹಂತಗಳನ್ನು ಟ್ರಾನ್ಸಿಷನ್ ಎನ್ನುತ್ತಾರೆ. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಸ್ಪರ್ಧೆಯಲ್ಲಿ ಅಲೆಕ್ಸ್ ಯೀ ಅವರು ಹೇಡನ್ ವೈಲ್ಡ್ ಅವರನ್ನು ಕೊನೆಯ ಕೆಲವು ನೂರು ಮೀಟರ್‌ಗಳಲ್ಲಿ ಹಿಂದಿಕ್ಕಿ ಗೆದ್ದ ಅಂತರ 6 ಸೆಕೆಂಡು. ಹೊಸಬರು ಹೆಲ್ಮೆಟ್‌ನ ಪಟ್ಟಿಯೊಂದಿಗೆ ಗುದ್ದಾಡುತ್ತಲೇ ಅದರ ಎರಡರಷ್ಟನ್ನು ಕಳೆಯುತ್ತಾರೆ. ಇಷ್ಟು ಕಡಿಮೆ ಬೆವರಿಗೆ ಇಷ್ಟು ಸಮಯ ಈ ಕ್ರೀಡೆಯಲ್ಲಿ ಬೇರೆಲ್ಲೂ ಸಿಗದಿದ್ದರೂ, ಇದನ್ನು ಅಭ್ಯಾಸ ಮಾಡುವವರು ಕಡಿಮೆ.

ಮೊದಲ ಟ್ರಾನ್ಸಿಷನ್ ಅನ್ನು ಹೀಗೆ ಜೋಡಿಸಿಕೊಳ್ಳಬೇಕು. ಸೈಕಲ್ ರ‍್ಯಾಕ್‌ನಲ್ಲಿದೆ, ಗೇರ್ ಹಗುರದ್ದು, ಬೂಟುಗಳು ಪೆಡಲ್‌ಗಳಿಗೆ ಸಿಕ್ಕಿಸಿಯೇ ಇವೆ, ಮತ್ತು ಅವು ನೇತಾಡಿ ನೆಲಕ್ಕೆ ತಾಗದಂತೆ ಹಿಮ್ಮಡಿಯ ಕುಣಿಕೆಯಿಂದ ಚೌಕಟ್ಟಿಗೆ ತೆಳುವಾದ ರಬ್ಬರ್ ಬ್ಯಾಂಡ್ ಕಟ್ಟಿದೆ. ಹೆಲ್ಮೆಟ್ ಹ್ಯಾಂಡಲ್ ಮೇಲೆ ಬೋರಲಾಗಿ, ಮುಂಭಾಗ ತನ್ನ ಕಡೆಗಿರುವಂತೆ, ಪಟ್ಟಿಗಳು ಎರಡೂ ಬದಿಗೆ ಹೊರಚಾಚಿಕೊಂಡು ಕುಳಿತಿದೆ. ನೀರಿನಿಂದ ಎದ್ದು ಓಡುತ್ತಲೇ ಕನ್ನಡಕವನ್ನು ಹಣೆಗೆ ಸರಿಸಿ, ರ‍್ಯಾಕ್ ತಲುಪಿದಾಗ ಕನ್ನಡಕ ಮತ್ತು ಟೋಪಿಯನ್ನು ಪೆಟ್ಟಿಗೆಯೊಳಗೆ ಹಾಕಬೇಕು. ಹೊರಗೆ ಬಿದ್ದರೆ ದಂಡ. ಹೆಲ್ಮೆಟ್ ತಲೆಗೆ, ಪಟ್ಟಿ ಕ್ಲಿಕ್ ಎಂದು ಕೂತಿತೆಂದು ಕಿವಿಯಿಂದ ಕೇಳಿಸಿಕೊಂಡ ಮೇಲೆಯೇ ಸೈಕಲ್ ಅನ್ನು ರ‍್ಯಾಕ್‌ನಿಂದ ತೆಗೆಯಬೇಕು, ಏಕೆಂದರೆ ಪಟ್ಟಿ ಹಾಕದೆ ಸೈಕಲ್ ತೆಗೆಯುವುದೂ ದಂಡಾರ್ಹ. ಸೀಟನ್ನು ಒಂದು ಕೈಯಲ್ಲಿ ಹಿಡಿದು ಓಡುತ್ತ ಏರುವ ಗೆರೆಯನ್ನು ದಾಟಿ, ಎಡಗಾಲಿನಿಂದ ನೆಲವನ್ನು ಒದ್ದು ಮೇಲೇರಿ, ಬರಿಗಾಲನ್ನು ಬೂಟಿನ ಮೇಲೆಯೇ ಇಟ್ಟು ಹತ್ತು ಹದಿನೈದು ಸಲ ತುಳಿದು ವೇಗ ಹಿಡಿದ ಬಳಿಕ ಒಂದೊಂದೇ ಕಾಲನ್ನು ಒಳಸೇರಿಸಬೇಕು. ಬೂಟು ಹಾಕಿಕೊಳ್ಳುವಾಗ ಕೆಳಗೆ ನೋಡುವ ಚಟ ಅಪಾಯದ್ದು.

ಎರಡನೆಯ ಟ್ರಾನ್ಸಿಷನ್ ಇದಕ್ಕಿಂತ ಸರಳ: ಇಳಿಯುವ ಗೆರೆಗೆ ಮುಂಚೆ ಇಳಿದು, ಸೈಕಲನ್ನು ರ‍್ಯಾಕ್‌ಗೆ ತೂಗುಹಾಕಿದ ಮೇಲೆಯೇ ಹೆಲ್ಮೆಟ್ ಬಿಚ್ಚಿ, ಎಲಾಸ್ಟಿಕ್ ಲೇಸ್ ಇರುವ ಓಟದ ಬೂಟಿಗೆ ಕಾಲಿಟ್ಟು ಹೊರಡುವುದು. ವಾರಕ್ಕೊಮ್ಮೆ ಹತ್ತು ಸಲ, ಮೊದಲು ನಿಧಾನವಾಗಿ, ಆಮೇಲೆ ಗಡಿಯಾರ ಹಿಡಿದು ಮಾಡಿದರೆ ಎರಡು ತಿಂಗಳಲ್ಲಿ ಕೈಕಾಲುಗಳೇ ನೆನಪಿಟ್ಟುಕೊಳ್ಳುತ್ತವೆ.

ಊಟ, ನಿದ್ರೆ ಮತ್ತು ಔಷಧ

ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು. ಬೆಳಿಗ್ಗೆ ಐದಕ್ಕೆ ಈಜು ಇದ್ದು ರಾತ್ರಿ ಹನ್ನೊಂದರವರೆಗೆ ಓದು ಇದ್ದರೆ ಲೆಕ್ಕ ಎಲ್ಲೂ ಸರಿಹೊಂದುವುದಿಲ್ಲ, ಮತ್ತು ಅಂಥ ವಾರದಲ್ಲಿ ಬಿಡಬೇಕಾದದ್ದು ಬೆಳಗಿನ ಒಂದೆರಡು ಈಜುಗಳನ್ನು.

ಊಟದ ವಿಷಯದಲ್ಲಿ ಹೆಚ್ಚಿನ ಅಪಾಯ ಕಡಿಮೆ ತಿನ್ನುವುದರಲ್ಲಿದೆ. ಅಭ್ಯಾಸಕ್ಕೆ ಖರ್ಚಾದ ಶಕ್ತಿಯನ್ನು ಆಹಾರ ತುಂಬಿಕೊಡದಿದ್ದರೆ ದೇಹ ಬೆಳವಣಿಗೆ, ಮೂಳೆ, ಹಾರ್ಮೋನುಗಳ ಕೆಲಸದಲ್ಲಿ ಕಡಿತ ಮಾಡಿ ಸರಿದೂಗಿಸುತ್ತದೆ. ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್ಸ್ ಎಂಬ ಹೆಸರು ಕೊಟ್ಟಿತು. ಹುಡುಗಿಯರಲ್ಲಿ ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ಕಠಿಣ ಅಭ್ಯಾಸದ ಗುರುತೆಂದು ಕಡೆಗಣಿಸದೆ ವೈದ್ಯರ ಬಳಿ ಹೋಗಬೇಕು. ಹುಡುಗರಲ್ಲೂ ಈ ಸ್ಥಿತಿ ಬರುತ್ತದೆ, ಅಲ್ಲಿ ಗುರುತುಗಳು ಅಷ್ಟು ಸ್ಪಷ್ಟವಿರುವುದಿಲ್ಲ: ಪದೇ ಪದೇ ನೆಗಡಿ, ವಾಸಿಯಾಗದ ಮೂಳೆನೋವು, ಸಿಡುಕು. ತೂಕವನ್ನು ಎಲ್ಲರೆದುರು ನೋಡುವ ರೂಢಿ ಯಾವ ತಂಡದಲ್ಲಿದ್ದರೂ ಅದನ್ನು ನಿಲ್ಲಿಸಬೇಕು. ಕಾರಣವಿಲ್ಲದ ದಣಿವು ಇದ್ದಾಗ ಕಬ್ಬಿಣಾಂಶದ ರಕ್ತ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯಿಲ್ಲದೆ ಮಾತ್ರೆ ನುಂಗಬಾರದು.

ಪೌಡರ್, ಮಾತ್ರೆಗಳ ಡಬ್ಬಿಗಳ ಬಗ್ಗೆ ನನ್ನ ಸಲಹೆ ಚಿಕ್ಕದು: ಬೇಡ. ಲೇಬಲ್‌ನಲ್ಲಿ ಇಲ್ಲದ ನಿಷೇಧಿತ ವಸ್ತು ಬೆರೆತಿದ್ದರೂ ಹೊಣೆ ಕ್ರೀಡಾಪಟುವಿನದ್ದೇ. ಉಬ್ಬಸದಂಥ ಕಾಯಿಲೆಗೆ ನಿಯಮಿತ ಔಷಧ ತೆಗೆದುಕೊಳ್ಳುವವರು ಪ್ರತಿ ಜನವರಿ 1ರಂದು ಜಾರಿಗೆ ಬರುವ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯನ್ನು ವೈದ್ಯರೊಂದಿಗೆ ಕೂತು ನೋಡಿ, ಬೇಕಿದ್ದರೆ ಮುಂಚಿತವಾಗಿ ಅನುಮತಿ ಪಡೆದಿರಬೇಕು.

ಸ್ಪರ್ಧೆಯ ವಾರ, ಸ್ಪರ್ಧೆಯ ದಿನ

ಟೇಪರ್‌ನಲ್ಲಿ ಅಭ್ಯಾಸದ ಪ್ರಮಾಣವನ್ನು ಅರ್ಧದಷ್ಟಕ್ಕೆ ಇಳಿಸಬೇಕು, ಆದರೆ ವೇಗವನ್ನು ಇಳಿಸಬಾರದು. ಪೂರ್ತಿ ವಿಶ್ರಾಂತಿ ತೆಗೆದುಕೊಂಡವರು ಸ್ಪರ್ಧೆಯ ದಿನ ಮಂಕಾಗಿರುತ್ತಾರೆ. ದಿನ ಬಿಟ್ಟು ದಿನ ಸ್ಪರ್ಧೆಯ ವೇಗದ ಕೆಲವೇ ನಿಮಿಷಗಳ ತುಣುಕುಗಳು ಆ ಮಂಕನ್ನು ತಡೆಯುತ್ತವೆ. ಬಿಸಿ ಹವೆಯ ಊರಿನಲ್ಲಿ ಸ್ಪರ್ಧೆಯಿದ್ದರೆ ದೇಹ ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕೆಂಬುದನ್ನು ಯೋಜನೆಯಲ್ಲೇ ಸೇರಿಸಬೇಕು. ಮೆಕ್ಸಿಕೋದ ಕೊಸುಮೆಲ್‌ನಲ್ಲಿ 2016ರಲ್ಲಿ ಗೆಲುವಿನ ಅಂಚಿನಲ್ಲಿದ್ದ ಜೊನಾಥನ್ ಬ್ರೌನ್ಲಿ ಶಾಖದಿಂದ ತತ್ತರಿಸಿ, ಅಣ್ಣ ಅಲಿಸ್ಟರ್ ಹೆಗಲು ಕೊಟ್ಟು ಗೆರೆ ದಾಟಿಸಬೇಕಾಯಿತು; ಜಗತ್ತಿನ ಅತ್ಯುತ್ತಮರಿಗೇ ಹೀಗಾಗುವಾಗ ತಲೆಸುತ್ತು, ಬೆವರು ನಿಂತು ಚಳಿಯಾಗುವುದು, ಕಾಲು ತೊಡರುವುದು ಈ ಲಕ್ಷಣಗಳಿಗೆ ನಿಲ್ಲಬೇಕೆಂದು ಹರೆಯದವರಿಗೆ ಸ್ಪಷ್ಟವಾಗಿ ಹೇಳಿರಬೇಕು, ಮತ್ತು ನಿಂತದ್ದಕ್ಕೆ ಬೈಯಬಾರದು.

ಆ ದಿನ ಹೊಸದೇನೂ ಬೇಡ, ಬೂಟೂ ಬೇಡ, ತಿಂಡಿಯೂ ಬೇಡ. ಆರಂಭಕ್ಕೆ ಸುಮಾರು ಮೂರು ಗಂಟೆ ಮುಂಚೆ ಅಭ್ಯಾಸವಿರುವ ಊಟ ಮುಗಿದಿರಲಿ. ಸ್ಪ್ರಿಂಟ್ ದೂರ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವುದರಿಂದ ನಡುವೆ ಸೈಕಲ್ ಮೇಲೆ ಒಂದು ಬಾಟಲಿಯ ಪಾನೀಯ ಸಾಕಾಗುತ್ತದೆ. ಸೈಕಲ್ ಇಟ್ಟ ಬಳಿಕ ನೀರಿನಿಂದ ಬರುವ ದಾರಿಯಲ್ಲಿ ನಡೆದು ಬಂದು, ತನ್ನ ರ‍್ಯಾಕ್ ಎಷ್ಟನೆಯ ಸಾಲಿನಲ್ಲಿದೆ, ಹತ್ತಿರ ಯಾವ ಕಂಬವಿದೆ ಎಂದು ಗುರುತಿಟ್ಟುಕೊಳ್ಳಬೇಕು. ಬೇರೆಯವರ ಬಣ್ಣದ ಬ್ಯಾಗನ್ನು ಗುರುತಾಗಿ ಇಟ್ಟುಕೊಳ್ಳಬಾರದು, ಅದು ಎದ್ದು ಹೋಗುತ್ತದೆ. ಜೂನಿಯರ್‌ಗಳಿಗೆ ನೀರಿನ ಉಷ್ಣತೆ 20 ಡಿಗ್ರಿ ಅಥವಾ ಹೆಚ್ಚಿದ್ದರೆ ವೆಟ್‌ಸೂಟ್, ಅಂದರೆ ಮೈ ಬೆಚ್ಚಗಿಡುವ ರಬ್ಬರಿನ ಈಜುಡುಪು, ನಿಷಿದ್ಧ. ಘೋಷಣೆ ಆರಂಭದ ಹೊತ್ತಿಗೆ ಹತ್ತಿರವಾಗಿ ಬರುವುದರಿಂದ ಎರಡಕ್ಕೂ ಸಿದ್ಧವಾಗಿರಬೇಕು. ಆರಂಭದ ನೂರು ಮೀಟರ್ ಜೋರಾಗಿ ಈಜಿ, ಆಮೇಲೆ ತನಗಿಂತ ತುಸು ವೇಗದವರ ಪಾದಗಳ ಹಿಂದೆ ನೆಲೆಗೊಳ್ಳುವುದು. ಸೈಕಲ್‌ನಲ್ಲಿ ಗುಂಪಿನ ಮುಂದಿನ ಮೂರನೆಯ ಒಂದು ಭಾಗದಲ್ಲಿರುವುದು. ಓಟದ ಮೊದಲ ಕಿಲೋಮೀಟರನ್ನು ಆಸೆ ಹೇಳುವುದಕ್ಕಿಂತ ನಿಧಾನವಾಗಿ ಓಡುವುದು: ಇಷ್ಟು ತಂತ್ರ ಮೊದಲ ಋತುವಿಗೆ ಸಾಲುತ್ತದೆ.

ಋತು ಮುಗಿದ ಮೇಲೆ

ಪ್ರತಿ ಸ್ಪರ್ಧೆಯ ಮರುದಿನ, ಅದೇ ದಿನವಲ್ಲ, ಈಜು, ಎರಡು ಟ್ರಾನ್ಸಿಷನ್, ಸೈಕಲ್, ಓಟ ಈ ಐದರ ಸಮಯವನ್ನೂ ಪ್ರತಿಯೊಂದರಲ್ಲಿ ತನ್ನ ಸ್ಥಾನವನ್ನೂ ಬರೆದಿಡಬೇಕು. ಒಟ್ಟು ಸಮಯವನ್ನು ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಹೋಲಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಅಲೆ, ಗಾಳಿ, ಏರುಗಳು ಎಲ್ಲೆಡೆ ಬೇರೆಬೇರೆ. ಸ್ಥಾನ ಮತ್ತು ಮುಂಚೂಣಿಯವರಿಂದ ಇದ್ದ ಅಂತರ ಹೆಚ್ಚು ನಂಬಲರ್ಹ.

ಕೊನೆಯ ಸ್ಪರ್ಧೆಯ ನಂತರ ಎರಡರಿಂದ ನಾಲ್ಕು ವಾರ ಯೋಜಿತ ಅಭ್ಯಾಸವಿರಬಾರದು. ಗೆಳೆಯರೊಂದಿಗೆ ಚೆಂಡಾಟ, ನಡಿಗೆ, ಮನಸ್ಸಾದರೆ ಈಜು, ಗಡಿಯಾರ ಮಾತ್ರ ಬೇಡ. ಈ ಅವಧಿಯಲ್ಲೇ ಸೈಕಲ್‌ನ ಚೈನು, ಬ್ರೇಕ್ ಪ್ಯಾಡ್, ಟಯರ್‌ಗಳನ್ನು ಬದಲಿಸಿ, ವೈದ್ಯಕೀಯ ತಪಾಸಣೆ ಮಾಡಿಸಿ, ವರ್ಷದ ದಿನಚರಿಯನ್ನು ಒಮ್ಮೆ ಓದಬೇಕು. ಓದುವಾಗ ಹುಡುಕಬೇಕಾದದ್ದು ಅಭ್ಯಾಸ ತಪ್ಪಿದ ವಾರಗಳನ್ನು, ಮತ್ತು ಪ್ರತಿಯೊಂದಕ್ಕೂ ಮುಂಚಿನ ಎರಡು ವಾರಗಳಲ್ಲಿ ಹೊರೆ, ನಿದ್ರೆ, ಎತ್ತರಗಳಲ್ಲಿ ಏನು ನಡೆದಿತ್ತೆಂಬುದನ್ನು. ಮುಂದಿನ ವರ್ಷದ ಗಂಟೆಗಳನ್ನು ಎಷ್ಟು ಏರಿಸಬಹುದು, ಏರಿಸಬಹುದೇ ಎಂಬುದನ್ನು ಆ ಪುಟಗಳನ್ನು ಮುಂದಿಟ್ಟುಕೊಂಡೇ ಕ್ರೀಡಾಪಟು, ತರಬೇತುದಾರ, ಮನೆಯವರು ಮೂವರೂ ಕೂತು ತೀರ್ಮಾನಿಸಬೇಕು, ಮತ್ತು ಮೊದಲ ಮಾತು ಕ್ರೀಡಾಪಟುವಿನದ್ದಾಗಿರಬೇಕು.